ಎಟಿವಿಯ ಹೆಡ್‌ಲೈಟ್: ಹೊಸ ದೀಪ ಕೊಳ್ಳುವ ಮುನ್ನ ವೋಲ್ಟೇಜ್ ಅಳೆಯಿರಿ

ಪ್ರಶ್ನೆ: ನನ್ನದು ಸುಮಾರು ಹತ್ತು ವರ್ಷ ಹಳೆಯ, 500 ಸಿಸಿಯ ಎಟಿವಿ, ಅಂದರೆ ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ. ಮುಂದೆ 35 ವ್ಯಾಟ್‌ನ ಎರಡು ಹ್ಯಾಲೊಜೆನ್ ಬಲ್ಬ್‌ಗಳಿದ್ದವು. ಬೆಳಕು ಮಂಕಾಗಿದೆ ಎನಿಸಿ, ಅದೇ ಹೋಲ್ಡರಿನಲ್ಲಿ ಕೂರುವ ಎಲ್‌ಇಡಿ ಬಲ್ಬ್‌ಗಳನ್ನು ತರಿಸಿ ಹಾಕಿದೆ. ಈಗ ಮುಂದಿನ ಚಕ್ರಗಳ ಹತ್ತಿರ ಹಗಲಿನಂತೆ ಬೆಳಗುತ್ತದೆ. ಆದರೆ ದೂರದ ದಾರಿ ಮೊದಲಿಗಿಂತಲೂ ಕಡಿಮೆ ಕಾಣುತ್ತದೆ. ಎಂಜಿನ್ ಐಡಲ್‌ನಲ್ಲಿದ್ದಾಗ ದೀಪ ಮಿಣುಕುತ್ತದೆ. ಎದುರಿನಿಂದ ಬರುವ ಗೆಳೆಯರು ಕಣ್ಣು ಕುಕ್ಕುತ್ತದೆ ಎಂದು ದೂರುತ್ತಾರೆ. ಹ್ಯಾಂಡಲ್ ಮೇಲೆ 20 ಇಂಚಿನ, 120 ವ್ಯಾಟ್‌ನ ಎಲ್‌ಇಡಿ ಬಾರ್ ಕೂರಿಸಿದರೆ ಸರಿಹೋಗುತ್ತದೆಯೇ? ರಾತ್ರಿ ಕಾಡಿನ ಜಾಡಿನಲ್ಲಿ ಗಂಟೆಗೆ 40–50 ಕಿಲೋಮೀಟರ್ ವೇಗದಲ್ಲಿ ಓಡಿಸುವುದುಂಟು.

ಉತ್ತರ: ಬಾರ್ ಕೊಳ್ಳುವುದನ್ನು ದಯವಿಟ್ಟು ಸ್ವಲ್ಪ ದಿನ ತಡೆಯಿರಿ. ದೂರ ಕಾಣದಿರುವುದು, ದೀಪ ಮಿಣುಕುವುದು, ಎದುರಿನವರ ಕಣ್ಣು ಕುಕ್ಕುವುದು ಈ ಮೂರಕ್ಕೂ ಬಾರ್ ಮದ್ದಲ್ಲ. ಮೊದಲನೆಯದನ್ನಂತೂ ಅದು ಇನ್ನಷ್ಟು ಕೆಡಿಸುತ್ತದೆ. ನಿಮ್ಮ ಪತ್ರದಲ್ಲಿ ನನ್ನನ್ನು ನಿಜಕ್ಕೂ ಹೆದರಿಸಿದ್ದು ಕೊನೆಯ ಸಾಲು. ಆ ವೇಗದ ಲೆಕ್ಕದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮಗೆ ಎಷ್ಟು ದೂರ ಬೆಳಕು ಬೇಕು ಎಂಬುದನ್ನು ತೀರ್ಮಾನಿಸುವುದು ವೇಗವೇ.

ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ದಾರಿಯಲ್ಲಿ ಬಿದ್ದ ಮರವನ್ನು ಕಣ್ಣು ಕಂಡು, ಮನಸ್ಸು ಗ್ರಹಿಸಿ, ಕೈ ಬ್ರೇಕ್ ಹಿಡಿಯುವುದಕ್ಕೆ ಒಂದೂವರೆ ಸೆಕೆಂಡು ಹಿಡಿಯಿರಿ. ಅಷ್ಟರಲ್ಲೇ 21 ಮೀಟರ್ ಹೋಗಿರುತ್ತೀರಿ. ಸಡಿಲ ಮಣ್ಣಿನಲ್ಲಿ ಗಾಡಿ ನಿಲ್ಲಲು ಇನ್ನೊಂದು 24 ಮೀಟರ್ ಬೇಕು ಎಂದಿಟ್ಟುಕೊಂಡರೆ ಒಟ್ಟು 45 ಮೀಟರ್. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಾದರೆ ಇದೇ ಲೆಕ್ಕ 21 ಮೀಟರಿಗೆ ಇಳಿಯುತ್ತದೆ. ಈಗ ನಿಮ್ಮ ದೀಪದ ಬೆಳಕಿನಲ್ಲಿ ಒಂದು ಕಪ್ಪು ಚೀಲವನ್ನು ನೆಲದ ಮೇಲೆ ಇಟ್ಟು, ಅದು ಎಷ್ಟು ದೂರದಿಂದ ಸ್ಪಷ್ಟವಾಗಿ ಕಾಣುತ್ತದೆ ಎಂದು ಹೆಜ್ಜೆ ಹಾಕಿ ಅಳೆಯಿರಿ. ನೀವು ಬರೆದಿರುವುದನ್ನು ನೋಡಿದರೆ 25 ಮೀಟರ್ ಬಂದರೂ ಹೆಚ್ಚು. ಹಾಗಿದ್ದಲ್ಲಿ, ಈ ಉತ್ತರದಲ್ಲಿ ಹೇಳುವ ಕೆಲಸಗಳು ಮುಗಿಯುವವರೆಗೆ ರಾತ್ರಿ 30ರ ಮೇಲೆ ಹೋಗಬೇಡಿ. ಜಾಡು ಪರಿಚಿತವಾದದ್ದು ಎಂಬ ಸಮಾಧಾನ ಬೇಡ. ಹಗಲು ಕಂಡ ಬಾವಿಗೆ ಇರುಳು ಬೀಳುವುದು ಪರಿಚಿತ ದಾರಿಯಲ್ಲೇ.

ಬೆಳಕಿನ ವಿಷಯದಲ್ಲಿ ಇನ್ನೊಂದು ಲೆಕ್ಕವೂ ಇದೆ. ದೂರ ಎರಡರಷ್ಟಾದರೆ ಅಲ್ಲಿ ಬೀಳುವ ಬೆಳಕು ಅರ್ಧವಾಗುವುದಿಲ್ಲ, ನಾಲ್ಕನೇ ಒಂದು ಪಾಲಾಗುತ್ತದೆ. 20 ಮೀಟರಿನಲ್ಲಿ ಕಾಣುವಷ್ಟೇ ಸ್ಪಷ್ಟವಾಗಿ 40 ಮೀಟರಿನಲ್ಲೂ ಕಾಣಬೇಕಾದರೆ ಆ ದಿಕ್ಕಿನಲ್ಲಿ ನಾಲ್ಕು ಪಟ್ಟು ಬೆಳಕು ಹೋಗಬೇಕು. ಡಬ್ಬಿಯ ಮೇಲೆ ಮುದ್ರಿಸಿರುವ ಲ್ಯೂಮೆನ್ ಸಂಖ್ಯೆ ಇದನ್ನು ಹೇಳುವುದಿಲ್ಲ. ಲ್ಯೂಮೆನ್ ಎಂದರೆ ದೀಪ ಎಲ್ಲ ದಿಕ್ಕಿಗೂ ಚೆಲ್ಲುವ ಒಟ್ಟು ಬೆಳಕು. ಒಂದು ದಿಕ್ಕಿನಲ್ಲಿ ಎಷ್ಟು ತೀವ್ರವಾಗಿ ಹೋಗುತ್ತದೆ ಎಂಬುದಕ್ಕೆ ಕ್ಯಾಂಡೆಲಾ ಎಂಬ ಅಳತೆ, ನೆಲದ ಮೇಲೆ ಎಷ್ಟು ಬೀಳುತ್ತದೆ ಎಂಬುದಕ್ಕೆ ಲಕ್ಸ್. ಒಳ್ಳೆಯ ತಯಾರಕರು ತಮ್ಮ ದೀಪ ಎಷ್ಟು ಮೀಟರ್ ದೂರದಲ್ಲಿ 1 ಲಕ್ಸ್ ಬೆಳಕು ಕೊಡುತ್ತದೆ ಎಂದು ಬರೆಯುತ್ತಾರೆ. ಲ್ಯೂಮೆನ್ ಒಂದನ್ನೇ ದೊಡ್ಡ ಅಕ್ಷರದಲ್ಲಿ ಬರೆದು ಉಳಿದದ್ದನ್ನು ಹೇಳದ ದೀಪವನ್ನು ನಾನು ಕೈಯಲ್ಲಿ ಹಿಡಿದು ನೋಡುವುದೂ ಇಲ್ಲ.

ಇನ್ನು ನಿಮ್ಮ ಎಲ್‌ಇಡಿ ಬಲ್ಬ್‌ಗಳು. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತಿದೆ. ನಿಮ್ಮ ಗಾಡಿಯಲ್ಲಿ ಬುಡದಲ್ಲಿ ಬೆಳಕು, ದೂರದಲ್ಲಿ ಕತ್ತಲೆ. ತಪ್ಪು ಬಲ್ಬಿನ ಶಕ್ತಿಯದಲ್ಲ, ಬಲ್ಬಿಗೂ ಅದರ ಹಿಂದಿನ ಕನ್ನಡಿ ಬಟ್ಟಲಾದ ರಿಫ್ಲೆಕ್ಟರಿಗೂ ಹೊಂದಿಕೆಯಾಗದಿರುವುದು. ಹ್ಯಾಲೊಜೆನ್ ಬಲ್ಬಿನೊಳಗಿನ ಸುರುಳಿ ಕೆಲವೇ ಮಿಲಿಮೀಟರ್ ಉದ್ದದ ಎಳೆ, ಸುತ್ತಲೂ ಸಮನಾಗಿ ಬೆಳಗುತ್ತದೆ. ಹಿಂದಿನ ಕನ್ನಡಿ ಬಟ್ಟಲಿನ ಒಂದೊಂದು ಬಾಗನ್ನೂ ಆ ಎಳೆ ಇರುವ ಜಾಗವನ್ನೇ ಲೆಕ್ಕ ಹಿಡಿದು ರೂಪಿಸಿರುತ್ತಾರೆ. ಎಲ್‌ಇಡಿ ಬಲ್ಬಿನಲ್ಲಿ ಎಳೆಯ ಬದಲು ಒಂದು ಪಟ್ಟಿ, ಅದರ ಎರಡು ಬದಿಗೆ ಚಪ್ಪಟೆ ಚಿಪ್‌ಗಳು. ಬೆಳಕು ಹೊರಡುವ ಜಾಗ ಒಂದೆರಡು ಮಿಲಿಮೀಟರ್ ಸರಿದರೂ ಸಾಕು, ದೂರಕ್ಕೆ ಹೋಗಬೇಕಾದ ಕಿರಣಗಳು ಅರ್ಧ ನೆಲಕ್ಕೆ, ಅರ್ಧ ಮರದ ತುದಿಗೆ ಹಂಚಿಹೋಗುತ್ತವೆ. ಮೇಲಕ್ಕೆ ಹೋದ ಪಾಲೇ ನಿಮ್ಮ ಗೆಳೆಯರ ಕಣ್ಣಿಗೆ ಬೀಳುತ್ತಿರುವುದು.

ಕೆಳಗೆ ಬಿದ್ದ ಪಾಲು ಮಾಡುವ ಹಾನಿ ಇನ್ನೂ ಸೂಕ್ಷ್ಮವಾದದ್ದು. ಚಕ್ರದ ಮುಂದಿನ ನಾಲ್ಕಾರು ಮೀಟರ್ ನೆಲ ಬೆಳ್ಳಗೆ ಹೊಳೆಯುತ್ತಿದ್ದರೆ ಕಣ್ಣಿನ ಪಾಪೆ ಅದಕ್ಕೆ ತಕ್ಕಂತೆ ಕುಗ್ಗುತ್ತದೆ. ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಕಣ್ಣಿಗೆ 20–30 ನಿಮಿಷ ಬೇಕು. ಆ ಹೊಂದಾಣಿಕೆಯನ್ನು ನೀವು ಸವಾರಿಯ ಉದ್ದಕ್ಕೂ ನಿಮ್ಮ ದೀಪದಿಂದಲೇ ಕೆಡಿಸುತ್ತಿರುತ್ತೀರಿ. ಮನಸ್ಸಿಗೆ ಮಾತ್ರ ಬೆಳಕು ಧಾರಾಳವಾಗಿದೆ ಎನಿಸುತ್ತದೆ. ಹ್ಯಾಂಡಲ್ ಮೇಲಿನ 20 ಇಂಚಿನ ಬಾರ್ ಬೇಡ ಎನ್ನುವುದಕ್ಕೆ ನನ್ನ ಮುಖ್ಯ ಕಾರಣ ಇದೇ. ಅದು ಮುಂದಿನ ಮಡ್‌ಗಾರ್ಡ್, ರ‍್ಯಾಕ್, ಹತ್ತಿರದ ಎಲೆ ಎಲ್ಲವನ್ನೂ ಬೆಳಗಿಸಿ, ಆ ಹೊಳಪನ್ನೆಲ್ಲ ನೇರ ನಿಮ್ಮ ಮುಖಕ್ಕೆ ತರುತ್ತದೆ. ಮುಂದೆ ಇನ್ನೊಂದು ಗಾಡಿ ದೂಳೆಬ್ಬಿಸುತ್ತಿದ್ದರೆ ಅಥವಾ ಮಂಜು ಕವಿದಿದ್ದರೆ ಬಿಳಿ ಗೋಡೆಯೇ ಎದುರು ನಿಂತಂತಾಗುತ್ತದೆ.

ಹೋಲ್ಡರಿನಲ್ಲಿ ಬಲ್ಬನ್ನು ತಿರುಗಿಸಿ ಕೂರಿಸಲು ಅವಕಾಶವಿದ್ದರೆ, ಎರಡು ಚಿಪ್‌ಗಳೂ ಎಡಕ್ಕೂ ಬಲಕ್ಕೂ ಮುಖ ಮಾಡುವಂತೆ ಮಾಡಿ ನೋಡಿ. ಮೇಲೆ ಕೆಳಗೆ ಮುಖ ಮಾಡಿದ್ದರೆ ಬೆಳಕಿನ ಆಕಾರ ಪೂರ್ತಿ ಹಾಳಾಗುತ್ತದೆ. ಇದರಿಂದ ಸ್ವಲ್ಪ ಸುಧಾರಿಸಬಹುದು. ಆದರೆ ನನ್ನ ಸಲಹೆ, ಅವನ್ನು ತೆಗೆದು ಹಳೆಯ ಹ್ಯಾಲೊಜೆನ್ ಬಲ್ಬ್‌ಗಳನ್ನೇ ಮತ್ತೆ ಹಾಕಿ. ಮುಂದಿನ ಪರೀಕ್ಷೆಗೆ ಅವು ಬೇಕೇ ಬೇಕು.

ಹಳೆಯ ಗಾಡಿಗಳ ಹೆಡ್‌ಲೈಟ್ ಮಂಕಾಗುವುದಕ್ಕೆ ಬಲ್ಬ್ ಕಾರಣವಾಗಿರುವುದು ಅಪರೂಪ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಕೀಲಿ, ಹ್ಯಾಂಡಲಿನ ಸ್ವಿಚ್, ನಾಲ್ಕಾರು ಕನೆಕ್ಟರ್, ಹತ್ತು ವರ್ಷ ಕೆಸರು ಕುಡಿದ ಸಣ್ಣ ತಂತಿ ಎಲ್ಲವನ್ನೂ ದಾಟಿ ಬಲ್ಬಿಗೆ ಬರಬೇಕು. ಒಂದೊಂದು ಕಡೆಯೂ ಸ್ವಲ್ಪ ಸ್ವಲ್ಪ ವೋಲ್ಟೇಜ್ ಸೋರುತ್ತದೆ. ಹ್ಯಾಲೊಜೆನ್ ದೀಪ ಈ ಸೋರಿಕೆಯನ್ನು ಸ್ವಲ್ಪವೂ ಸಹಿಸುವುದಿಲ್ಲ. ಅದರ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ವೋಲ್ಟೇಜ್ ನೂರಕ್ಕೆ ಹತ್ತು ಭಾಗ ಇಳಿದರೆ ಬೆಳಕು ಹೆಚ್ಚುಕಡಿಮೆ ಮೂವತ್ತು ಭಾಗ ಇಳಿಯುತ್ತದೆ. ನಾನು ಅಳೆದ ಹಳೆಯ ಗಾಡಿಯೊಂದರಲ್ಲಿ ಬ್ಯಾಟರಿಯ ತುದಿಯಲ್ಲಿ 14 ವೋಲ್ಟ್ ಇತ್ತು, ಬಲ್ಬಿನ ಹೋಲ್ಡರಿನಲ್ಲಿ 12.2. ಅಂದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೆಳಕು ತಂತಿಯಲ್ಲೇ ಕಳೆದುಹೋಗಿತ್ತು. ಅದರ ಮಾಲೀಕರೂ ನಿಮ್ಮಂತೆಯೇ ಹೊಸ ಬಲ್ಬ್ ತಂದಿದ್ದರು.

ನೀವು ಮಾಡಬೇಕಾದ ಪರೀಕ್ಷೆ ಹೀಗೆ. ಹ್ಯಾಲೊಜೆನ್ ಬಲ್ಬ್ ಹಾಕಿ, ಗಾಡಿ ಓಡಿಸುವಾಗ ಇರುವಷ್ಟು ವೇಗದಲ್ಲಿ ಎಂಜಿನ್ ತಿರುಗುತ್ತಿರಲಿ, ಹೈ ಬೀಮ್ ಉರಿಯುತ್ತಿರಲಿ. ಗೇರ್ ನ್ಯೂಟ್ರಲ್‌ನಲ್ಲಿ, ಪಾರ್ಕಿಂಗ್ ಬ್ರೇಕ್ ಬಿಗಿಯಾಗಿ, ಗಾಡಿ ಬಯಲಿನಲ್ಲಿ. ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದನ್ನು ಬಲ್ಬ್ ಹೋಲ್ಡರಿನ ಹಿಂಬದಿಯ ಪ್ಲಸ್‌ಗೆ ಮುಟ್ಟಿಸಿ. ಮೀಟರ್ ತೋರಿಸುವುದೇ ಆ ದಾರಿಯಲ್ಲಿ ಸೋರಿದ ವೋಲ್ಟೇಜ್. ಮೈನಸ್ ದಾರಿಯನ್ನೂ ಹೀಗೆಯೇ ನೋಡಿ; ಅಲ್ಲಿಯ ತೊಂದರೆಯನ್ನು ಬಹಳ ಜನ ಗಮನಿಸುವುದೇ ಇಲ್ಲ. ಎರಡೂ ಸೇರಿ ಅರ್ಧ ವೋಲ್ಟ್ ಮೀರಿದರೆ ದುರಸ್ತಿ ಬೇಕು. ಎಲ್‌ಇಡಿ ಹಾಕಿಕೊಂಡು ಈ ಪರೀಕ್ಷೆ ಮಾಡಿದರೆ ಎಳೆಯುವ ಕರೆಂಟ್ ಕಡಿಮೆಯಾದ್ದರಿಂದ ಸೋರಿಕೆಯೂ ಕಡಿಮೆ ಕಂಡು ಮೋಸವಾಗುತ್ತದೆ. ಕೆಲವು ಗಾಡಿಗಳಲ್ಲಿ ಸ್ವಿಚ್ ಇರುವುದು ಮೈನಸ್ ಬದಿಗೆ, ಆದ್ದರಿಂದ ನಿಮ್ಮ ಗಾಡಿಯ ವೈರಿಂಗ್ ನಕ್ಷೆಯನ್ನು ಒಮ್ಮೆ ನೋಡಿಕೊಂಡೇ ಕೆಲಸಕ್ಕೆ ಇಳಿಯಿರಿ.

ಸೋರಿಕೆ ಕಂಡರೆ ಪರಿಹಾರ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸಿ ನಿಲ್ಲಿಸುವ ವಿದ್ಯುತ್ ಸ್ವಿಚ್. ಹೆಡ್‌ಲೈಟಿಗೆ ಹೋಗುತ್ತಿದ್ದ ಹಳೆಯ ತಂತಿ ಇನ್ನು ಮುಂದೆ ಬಲ್ಬನ್ನು ಹೊರುವುದಿಲ್ಲ, ರಿಲೇಯೊಳಗಿನ ಕಾಯಿಲನ್ನು ಮಾತ್ರ ಎಳೆಯುತ್ತದೆ. ಅದಕ್ಕೆ ಬೇಕಾದದ್ದು ಒಂದು ಆಂಪಿಯರಿನ ಸಣ್ಣ ಅಂಶ. ಬಲ್ಬಿಗೆ ಬ್ಯಾಟರಿಯಿಂದಲೇ ಹೊಸ, ದಪ್ಪ ತಂತಿ. ರಿಲೇಯ ಕಾಲುಗಳ ಮೇಲೆ ಸಂಖ್ಯೆಗಳಿರುತ್ತವೆ: 85 ಮತ್ತು 86 ಕಾಯಿಲಿನವು, 30ಕ್ಕೆ ಬ್ಯಾಟರಿ, 87ರಿಂದ ದೀಪಕ್ಕೆ. ಎರಡು 35 ವ್ಯಾಟ್ ಬಲ್ಬ್ ಸೇರಿ ಸುಮಾರು 6 ಆಂಪಿಯರ್ ಎಳೆಯುತ್ತವೆ, ಆದ್ದರಿಂದ 10 ಆಂಪಿಯರ್ ಫ್ಯೂಸ್ ಹಾಗೂ 2 ಚದರ ಮಿಲಿಮೀಟರ್ ತಂತಿ ಸಾಕು. ಹೈ ಬೀಮಿಗೆ ಒಂದು, ಲೋ ಬೀಮಿಗೆ ಒಂದು ರಿಲೇ ಬೇಕು. ಫ್ಯೂಸ್ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೇ ಇರಲಿ. ಫ್ಯೂಸಿಗಿಂತ ಮುಂಚಿನ ತಂತಿ ಎಲ್ಲಾದರೂ ಉಜ್ಜಿ ಗಾಡಿಯ ಲೋಹದ ಚೌಕಟ್ಟಾದ ಚಾಸಿಗೆ ತಾಗಿದರೆ ಅದನ್ನು ಕಾಯುವವರು ಯಾರೂ ಇಲ್ಲ, ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ ಇರುತ್ತದೆ.

ಮೈನಸ್ ತಂತಿಯನ್ನೂ ಬ್ಯಾಟರಿಗೇ ಒಯ್ಯಿರಿ. ಬಣ್ಣ, ತುಕ್ಕು, ಕೆಸರಿನ ನಡುವೆ ಚಾಸಿಯ ಬೋಲ್ಟ್ ಒಳ್ಳೆಯ ಸಂಪರ್ಕ ಕೊಡುತ್ತದೆ ಎಂಬ ನಂಬಿಕೆ ನನಗಿಲ್ಲ. ಜೋಡಣೆಗಳನ್ನು ಬೆಸುಗೆ ಹಾಕುವ ಬದಲು ಸರಿಯಾದ ಇಕ್ಕಳದಿಂದ ಒತ್ತಿ ಬಿಗಿದು (ಕ್ರಿಂಪ್ ಮಾಡಿ), ಒಳಗೆ ಅಂಟು ಸವರಿರುವ, ಕಾಯಿಸಿದರೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಕೊಳವೆ ಹೊದಿಸಿ. ಬೆಸುಗೆ ಮುಗಿಯುವ ಜಾಗದಲ್ಲಿ ತಂತಿ ಗಡುಸಾಗಿ, ಎಟಿವಿಯ ಕುಲುಕಾಟಕ್ಕೆ ಅಲ್ಲೇ ತುಂಡಾಗುತ್ತದೆ. ಕೊನೆಯಲ್ಲಿ ಹ್ಯಾಂಡಲನ್ನು ಎಡದ ತುದಿಯಿಂದ ಬಲದ ತುದಿಗೆ ತಿರುಗಿಸಿ, ತಂತಿ ಎಲ್ಲೂ ಬಿಗಿಯುತ್ತಿಲ್ಲ, ಸೈಲೆನ್ಸರ್ ಕೊಳವೆಯ ಹತ್ತಿರ ಜೋತು ಬೀಳುತ್ತಿಲ್ಲ ಎಂದು ನೋಡಿಕೊಳ್ಳಿ. ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ವಿಂಚ್ ಇದ್ದರೆ ಅದರ ವಿದ್ಯುತ್ ತಂತಿಯಿಂದ ದೀಪಕ್ಕೆ ಕವಲು ತೆಗೆಯಬೇಡಿ. ವಿಂಚ್ ನೂರು ಆಂಪಿಯರ್ ಮೀರಿ ಎಳೆಯುವಾಗ ದೀಪ ಅದರೊಂದಿಗೆ ತೊನೆಯುತ್ತದೆ.

ಹೀಗೆ ಮಾಡಿದ ಮೇಲೆ ಹ್ಯಾಲೊಜೆನ್ ಬಲ್ಬಿನ ಆಯುಷ್ಯ ಕಡಿಮೆಯಾಗುವುದು ನಿಜ, ಏಕೆಂದರೆ ಅದು ಈಗ ಪೂರ್ತಿ ವೋಲ್ಟೇಜಿನಲ್ಲಿ ಉರಿಯುತ್ತದೆ. ಒಂದು ಜೊತೆ ಬಲ್ಬ್ ಸೀಟಿನ ಕೆಳಗೆ ಇರಲಿ. ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಅಂಟಿದ ಜಾಗ ಅತಿಯಾಗಿ ಕಾದು ಗಾಜು ಒಡೆಯುತ್ತದೆ. ಇನ್ನೊಂದು ಮಾತು: 35 ವ್ಯಾಟ್‌ನ ಜಾಗದಲ್ಲಿ 100 ವ್ಯಾಟ್‌ನ ಬಲ್ಬ್ ಹಾಕುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಪ್ಲಾಸ್ಟಿಕ್ ಗೂಡು ಬಾಗಿ, ಹೋಲ್ಡರ್ ಕರಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮುಂದಿನ ಲೆನ್ಸ್ ಹಳದಿಯಾಗಿದ್ದರೆ ಅದನ್ನೂ ಸರಿಪಡಿಸಬೇಕು. ನೀರಿನಲ್ಲಿ ಅದ್ದಿದ ನುಣುಪು ಉಪ್ಪುಕಾಗದದಿಂದ, ಗ್ರಿಟ್ ಸಂಖ್ಯೆ 800ರಿಂದ ಆರಂಭಿಸಿ ಇನ್ನೂ ನುಣುಪಾದ 2000ದವರೆಗೆ, ಉಜ್ಜಿ ಪಾಲಿಶ್ ಮಾಡಿ, ಅತಿನೇರಳೆ ಕಿರಣ ತಡೆಯುವ ಲೇಪನ ಬಳಿಯಿರಿ. ಲೇಪನ ಬಿಟ್ಟರೆ ಸ್ವಲ್ಪ ಕಾಲದಲ್ಲೇ ಮತ್ತೆ ಮಸುಕಾಗುತ್ತದೆ.

ಐಡಲ್‌ನಲ್ಲಿ ಮಿಣುಕುವುದಕ್ಕೆ ಕಾರಣ ಎರಡಿರಬಹುದು. ಕೆಲವು ಹಳೆಯ ಎಟಿವಿಗಳಲ್ಲಿ ದೀಪಕ್ಕೆ ಬ್ಯಾಟರಿಯ ಸಂಬಂಧವೇ ಇರುವುದಿಲ್ಲ. ಎಂಜಿನ್ನಿನೊಳಗಿನ ಸ್ಟೇಟರ್ ಹುಟ್ಟಿಸುವ ಎಸಿ ವಿದ್ಯುತ್ತು ನೇರವಾಗಿ ಬಲ್ಬಿಗೆ ಬರುತ್ತದೆ. ಹ್ಯಾಲೊಜೆನ್ ಸುರುಳಿ ಬಿಸಿಯಾಗಿಯೇ ಉಳಿಯುವುದರಿಂದ ಅದರಲ್ಲಿ ಏರಿಳಿತ ಅಷ್ಟಾಗಿ ಕಾಣುವುದಿಲ್ಲ, ಎಲ್‌ಇಡಿ ಮಾತ್ರ ಪ್ರತಿ ಅಲೆಗೂ ಆರಿ ಹೊತ್ತುತ್ತದೆ. ಹೋಲ್ಡರಿನಲ್ಲಿ ಮೀಟರನ್ನು ಮೊದಲು ಡಿಸಿಗೆ, ಆಮೇಲೆ ಎಸಿಗೆ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಎಸಿ ಎಂದು ಕಂಡರೆ ಮೇಲೆ ಹೇಳಿದ ರಿಲೇ ಕೆಲಸವನ್ನು ಅಲ್ಲೇ ನಿಲ್ಲಿಸಿ. ಸ್ಟೇಟರಿನ ಸಂಪರ್ಕ ಬದಲಿಸಿ, ವೋಲ್ಟೇಜನ್ನು ಹದದಲ್ಲಿಡುವ ಹೊಸ ರೆಗ್ಯುಲೇಟರ್ ಕೂರಿಸಬೇಕಾಗುತ್ತದೆ, ಅದನ್ನು ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು. ನಿಮ್ಮ 500 ಸಿಸಿ ಗಾಡಿಗೆ ಬಹುಶಃ ಬ್ಯಾಟರಿಯ ಡಿಸಿಯೇ ಇರುತ್ತದೆ. ಆಗ ಎರಡನೆಯ ಕಾರಣ: ಐಡಲ್‌ನಲ್ಲಿ ಸ್ಟೇಟರಿನ ಉತ್ಪಾದನೆ ಸಾಲದೆ ವೋಲ್ಟೇಜ್ ಕುಸಿದು, ಎಲ್‌ಇಡಿಯೊಳಗೆ ಕರೆಂಟನ್ನು ನಿಯಂತ್ರಿಸುವ ಡ್ರೈವರ್ ಎಂಬ ಭಾಗ ತಡವರಿಸುತ್ತಿದೆ.

ಇಲ್ಲಿಯೇ 120 ವ್ಯಾಟ್‌ನ ಬಾರಿನ ಪ್ರಶ್ನೆ ಮತ್ತೆ ಬರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಎಟಿವಿಯಲ್ಲಿ ಆ ಹಾಸಿಗೆ ಸ್ಟೇಟರ್. ನಿಮ್ಮ ಗಾಡಿಯದು ಒಳ್ಳೆಯ ವೇಗದಲ್ಲಿ 300 ವ್ಯಾಟ್ ಕೊಡುತ್ತದೆ ಎಂದಿಟ್ಟುಕೊಳ್ಳೋಣ, ನಿಜವಾದ ಸಂಖ್ಯೆ ಗಾಡಿಯ ಸರ್ವಿಸ್ ಕೈಪಿಡಿಯಲ್ಲಿರುತ್ತದೆ. ಇಂಧನ ಪಂಪು, ಇಗ್ನಿಷನ್, ಕಂಪ್ಯೂಟರ್ ಸೇರಿ 100 ವ್ಯಾಟ್, ರೇಡಿಯೇಟರ್ ಫ್ಯಾನ್ ತಿರುಗಿದಾಗ 80, ಹೆಡ್‌ಲೈಟ್ 70, ಹಿಂದಿನ ದೀಪ ಹಾಗೂ ಮೀಟರ್ 10 ಎಂದು ಹಿಡಿದರೆ ಉಳಿಯುವುದು 40. ಅದರ ಮೇಲೆ 120 ಹೇರಿದರೆ ಕೊರತೆಯನ್ನು ಬ್ಯಾಟರಿ ತುಂಬುತ್ತದೆ, ಗಂಟೆಗಟ್ಟಲೆ ತುಂಬಲಾರದು. ನಿಧಾನವಾಗಿ, ಕೆಳಗಿನ ಗೇರಿನಲ್ಲಿ ಕಾಡು ಹಾಯುವಾಗ ಸ್ಟೇಟರಿನ ಉತ್ಪಾದನೆ ಇನ್ನೂ ಕಡಿಮೆ, ಫ್ಯಾನಿನ ಕೆಲಸ ಇನ್ನೂ ಹೆಚ್ಚು. ನಡುರಾತ್ರಿ ಎಂಜಿನ್ ಆರಿಸಿದಿರಿ, ಮತ್ತೆ ಹೊತ್ತಲಿಲ್ಲ ಎಂದರೆ ಎಷ್ಟು ಬೆಳಕಿನ ದೀಪವಿದ್ದರೂ ಉಪಯೋಗವಿಲ್ಲ. ಯಾವುದೇ ದೀಪ ಕೂರಿಸಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಉರಿಸಿ, ಸವಾರಿಯ ವೇಗದಲ್ಲಿ ಬ್ಯಾಟರಿಯ ತುದಿಯಲ್ಲಿ ಅಳೆಯಿರಿ. 13.8ರಿಂದ 14.4ರ ನಡುವೆ ಇದ್ದರೆ ನೆಮ್ಮದಿ. 13ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಖಾಲಿಯಾಗುತ್ತಿದೆ ಎಂದೇ ಅರ್ಥ.

ಹಾಗಾದರೆ ಏನು ಕೊಳ್ಳಬೇಕು? ರಿಲೇ ಕೂರಿಸಿ ಒಂದು ರಾತ್ರಿ ಓಡಿಸಿ ನೋಡಿ. ಆಮೇಲೂ ಸಾಲದು ಎನಿಸಿದರೆ, ತಲಾ 20 ವ್ಯಾಟ್ ಆಸುಪಾಸಿನ ಎರಡು ಚಿಕ್ಕ ಎಲ್‌ಇಡಿ ದೀಪಗಳನ್ನು ತೆಗೆದುಕೊಳ್ಳಿ. ಅವು ಮೂಲದಲ್ಲೇ ಎಲ್‌ಇಡಿಗಾಗಿ ರೂಪಿಸಿದ ದೀಪಗಳು. ಚಿಪ್ಪಿಗೆ ತಕ್ಕ ಲೆನ್ಸ್ ಅವುಗಳಲ್ಲಿರುವುದರಿಂದ ಬಲ್ಬಿನ ತೊಂದರೆ ಇಲ್ಲಿ ಬರುವುದಿಲ್ಲ. ದೂರಕ್ಕೆ ಕಿರಿದಾಗಿ ಎಸೆಯುವ ಸ್ಪಾಟ್ ಬಗೆಯದನ್ನು ಆರಿಸಿ. ಅಗಲವಾಗಿ ಚೆಲ್ಲುವ ಫ್ಲಡ್ ಬಗೆಯದು ನಿಂತು ಕೆಲಸ ಮಾಡುವುದಕ್ಕೆ, ತೀರ ನಿಧಾನವಾಗಿ ತಿರುವು ತಿರುಗುವುದಕ್ಕೆ ಹೊಂದುತ್ತದೆ. ಹತ್ತಿರದ ಬೆಳಕು ನಿಮ್ಮ ಹಳೆಯ ಹೆಡ್‌ಲೈಟಿನಿಂದಲೇ ಸಿಗುತ್ತದೆ.

ಬಣ್ಣದ ವಿಷಯದಲ್ಲಿ 6500 ಕೆಲ್ವಿನ್‌ನ ನೀಲಿ ಛಾಯೆಯ ಬೆಳಕಿಗಿಂತ 4000–5000 ಕೆಲ್ವಿನ್‌ನದು ನನಗೆ ಹೆಚ್ಚು ಮೆಚ್ಚು. ಕೆಮ್ಮಣ್ಣಿನ ಗುಂಡಿ, ಒಣ ಎಲೆ, ಬೇರು ಇವುಗಳ ವ್ಯತ್ಯಾಸ ಅದರಲ್ಲಿ ಚೆನ್ನಾಗಿ ತಿಳಿಯುತ್ತದೆ, ಕಣ್ಣೂ ದಣಿಯುವುದಿಲ್ಲ. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎನ್ನುವುದು ಮಾತ್ರ ಸರಿಯಲ್ಲ. ಮಂಜಿನ ಹನಿಗಳು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ಹಳದಿಯಲ್ಲಿ ನೀಲಿ ಅಂಶ ಇಲ್ಲದಿರುವುದರಿಂದ ಕಣ್ಣಿಗೆ ಹಿತವೆನಿಸುತ್ತದೆ, ಅಷ್ಟೆ. ಮಂಜಿನಲ್ಲೂ ದೂಳಿನಲ್ಲೂ ನೆರವಾಗುವುದು ದೀಪದ ಎತ್ತರ. ಕಣ್ಣಿನ ಮಟ್ಟದಿಂದ ಎಷ್ಟು ಕೆಳಗಿದ್ದರೆ ಅಷ್ಟು ಒಳ್ಳೆಯದು. ಆದ್ದರಿಂದ ಈ ಎರಡು ದೀಪಗಳನ್ನು ಮುಂದಿನ ಬಂಪರಿನ ಕೊಳವೆಗೆ, ಕಲ್ಲು ತಾಗದಷ್ಟು ಎತ್ತರದಲ್ಲಿ ಕಟ್ಟಿ. ತಮ್ಮದೇ ರಿಲೇ, ತಮ್ಮದೇ ಫ್ಯೂಸ್ ಇರಲಿ. ರಿಲೇಯ ಕಾಯಿಲನ್ನು ಹೈ ಬೀಮಿನ ತಂತಿಯಿಂದ ಎಳೆಯುವಂತೆ ಮಾಡಿ, ನಡುವೆ ಒಂದು ಸ್ವಿಚ್ ಇಡಿ. ಎದುರಿಗೆ ಯಾರಾದರೂ ಬಂದಾಗ ಲೋ ಬೀಮಿಗೆ ಇಳಿಸಿದರೆ ಇವೂ ತಾವಾಗಿಯೇ ಆರುತ್ತವೆ.

ನೀರು ದಾಟುವ ದಾರಿಯಾದರೆ ಐಪಿ67 ಅಥವಾ ಐಪಿ68 ಎಂಬ ಗುರುತನ್ನು ನೋಡಿ. ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗದು ಎಂಬ ಪರೀಕ್ಷೆ. ನನ್ನ ಗಾಡಿಯ ಒಂದು ದೀಪಕ್ಕೆ ಆ ಗುರುತು ಇತ್ತು, ಆದರೂ ಒಂದು ಹಳ್ಳ ದಾಟಿದ ಮೇಲೆ ಅದರ ಗಾಜಿನೊಳಗೆ ನೀರು ನಿಂತಿತ್ತು. ಗಂಟೆಗಟ್ಟಲೆ ಉರಿದು ಕಾದ ದೀಪ ತಣ್ಣನೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಥಟ್ಟನೆ ಕುಗ್ಗಿ, ಸಣ್ಣ ಬಿರುಕಿನಿಂದಲೂ ನೀರನ್ನು ಹೀರಿಕೊಳ್ಳುತ್ತದೆ. ಅಂದಿನಿಂದ ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ಪೊರೆ ಇರುವ ದೀಪವನ್ನೇ ಕೊಳ್ಳುತ್ತೇನೆ. ಹಳ್ಳಕ್ಕೆ ಇಳಿಯುವ ಮುನ್ನ ಎರಡು ನಿಮಿಷ ಹೆಚ್ಚುವರಿ ದೀಪ ಆರಿಸಿ ನಿಲ್ಲುವುದೂ ಅಭ್ಯಾಸವಾಗಿದೆ. ಎಲ್‌ಇಡಿ ದೀಪದ ಬೆನ್ನಿನ ಲೋಹದ ರೆಕ್ಕೆಗಳಿಗೆ ಮೆತ್ತಿದ ಕೆಸರನ್ನು ಪ್ರತಿ ಸಲ ತೊಳೆಯಿರಿ, ಅದರ ಶಾಖ ಹೊರಹೋಗುವುದು ಅಲ್ಲಿಂದಲೇ. ಹಿಮ ಬೀಳುವಲ್ಲಿ ಓಡಿಸುವವರು ಇನ್ನೊಂದನ್ನು ನೆನಪಿಡಬೇಕು: ಎಲ್‌ಇಡಿಯ ಮುಂದಿನ ಗಾಜು ಹ್ಯಾಲೊಜೆನ್ನಿನಷ್ಟು ಬಿಸಿಯಾಗುವುದಿಲ್ಲ, ಅಂಟಿದ ಹಿಮ ಕರಗದೆ ಉಳಿಯುತ್ತದೆ.

ಸಾರ್ವಜನಿಕ ರಸ್ತೆಗೆ ಇಳಿಯುವ ಸಂದರ್ಭವಿದ್ದರೆ ಅಲ್ಲಿಯ ನಿಯಮ ತಿಳಿದುಕೊಂಡು, ಈ ಹೆಚ್ಚುವರಿ ದೀಪಗಳನ್ನು ಆರಿಸಿ ಮುಚ್ಚಳ ಹಾಕಿ.

ಕೊನೆಯದು ದೀಪದ ಮಟ್ಟ ಹೊಂದಿಸುವುದು. ಇದನ್ನು ಕೊನೆಗೆ ಹೇಳಿದೆನಾದರೂ ಖರ್ಚಿಲ್ಲದೆ ಅತಿ ಹೆಚ್ಚು ಫಲ ಕೊಡುವ ಕೆಲಸ ಇದು. ಸಮತಟ್ಟಾದ ನೆಲದಲ್ಲಿ, ಗೋಡೆಯಿಂದ 7.6 ಮೀಟರ್ ದೂರದಲ್ಲಿ ಗಾಡಿ ನಿಲ್ಲಿಸಿ. ಟೈರಿನ ಗಾಳಿ ಸರಿಯಾಗಿರಲಿ. ಎಟಿವಿಯ ಟೈರಿನಲ್ಲಿ ಇರುವುದೇ ಐದಾರು ಪಿಎಸ್‌ಐ, ಒಂದೆರಡು ಕಡಿಮೆಯಾದರೂ ಗಾಡಿ ವಾಲುತ್ತದೆ. ನೀವು ಸೀಟಿನ ಮೇಲೆ ಕುಳಿತಿರಬೇಕು, ಹಿಂದಿನ ರ‍್ಯಾಕಿನಲ್ಲಿ ನಿತ್ಯ ಹೊರುವ ಸಾಮಾನು ಇರಬೇಕು. ಹಿಂದೆ ಭಾರ ಬಿದ್ದಷ್ಟೂ ಮುಂದಿನ ಬೆಳಕು ಮೇಲೇಳುತ್ತದೆ. ಹೆಡ್‌ಲೈಟಿನ ನಡುಮಧ್ಯದ ಎತ್ತರವನ್ನು ಅಳೆದು ಗೋಡೆಯ ಮೇಲೆ ಗುರುತು ಹಾಕಿ. ಲೋ ಬೀಮಿನ ಮೇಲಂಚು ಆ ಗುರುತಿಗಿಂತ 5 ಸೆಂಟಿಮೀಟರ್ ಕೆಳಗೆ ಬರುವಂತೆ ತಿರುಪು ತಿರುಗಿಸಿ. ಬಂಪರಿನ ಸ್ಪಾಟ್ ದೀಪಗಳಿಗೆ ಅವುಗಳದೇ ಎತ್ತರದ ಗುರುತು ಬೇಕು; ಬೆಳಕಿನ ನಡುಭಾಗ ಸರಿಯಾಗಿ ಆ ಗುರುತಿನ ಮೇಲೆ ಬಿದ್ದರೆ ಸಾಕು, ಅದಕ್ಕಿಂತ ಮೇಲೇರಿಸಬೇಡಿ.

ಇಷ್ಟು ಮಾಡಿದ ಮೇಲೆ ಮತ್ತೆ ಆ ಕಪ್ಪು ಚೀಲವನ್ನು ನೆಲದ ಮೇಲಿಟ್ಟು ಹೆಜ್ಜೆ ಹಾಕಿ. ಬ್ಯಾಟರಿಯ ತುದಿಯ ವೋಲ್ಟೇಜ್, ಪ್ಲಸ್ ದಾರಿಯಲ್ಲಿ ಸೋರಿದ್ದು, ಮೈನಸ್ ದಾರಿಯಲ್ಲಿ ಸೋರಿದ್ದು ಈ ಮೂರು ಅಂಕಿಗಳನ್ನೂ, ಚೀಲ ಕಂಡ ದೂರವನ್ನೂ ಬರೆದು ಕಳುಹಿಸಿ. ಸೋರಿಕೆ ಅರ್ಧ ವೋಲ್ಟಿಗಿಂತ ಕಡಿಮೆಯಿದ್ದೂ ಬೆಳಕು ಮಂಕಾಗಿಯೇ ಇದ್ದರೆ ರಿಫ್ಲೆಕ್ಟರಿನ ಹೊಳಪಿನ ಲೇಪನ ಹೋಗಿದೆ ಎಂದು ಅನುಮಾನಿಸಬೇಕಾಗುತ್ತದೆ. ಆಗ ಹೆಡ್‌ಲೈಟಿನ ಪೂರ್ತಿ ಗೂಡನ್ನೇ ಬದಲಿಸುವ ಬಗ್ಗೆ ವಿವರವಾಗಿ ಬರೆಯುತ್ತೇನೆ.